ಮೂರು ಅಂಕದ ಗೆರೆ ಆಟ ಕೆಡಿಸಿತೇ? ನಮ್ಮ ಟೂರ್ನಿಗೆ ಯಾವ ನಿಯಮ ಇಡಬೇಕು?

ಸಾಧನಕೇರಿ ಸಂಜೆ (ಧಾರವಾಡ)

ದಸರಾ ರಜೆಯಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ತಂಡಗಳನ್ನು ಕರೆದು ಎರಡು ದಿನದ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಸಬೇಕೆಂದು ನಮ್ಮ ಸಂಜೆಯ ಗುಂಪು ತೀರ್ಮಾನಿಸಿದೆ. ಚಂದಾ ಬಂದಿದೆ, ಕೋರ್ಟ್ ಸಿಕ್ಕಿದೆ, ಊಟದವರು ಒಪ್ಪಿದ್ದಾರೆ. ಒಪ್ಪದವರು ನಾವೇ. ಯಾವ ನಿಯಮದಲ್ಲಿ ಆಡಿಸಬೇಕೆಂದು ಸಭೆ ಕರೆದರೆ, ಅದು ಮುಗಿಯುವ ಹೊತ್ತಿಗೆ ಲೈನ್ ಬಜಾರದ ಅಂಗಡಿಗಳು ಬಾಗಿಲು ಹಾಕಿದ್ದವು.

ಹಿರಿಯರ ವಾದ: ಆಚೆಯಿಂದ ಎಸೆದರೆ ಮೂರು ಅಂಕ ಸಿಗುವ ಗೆರೆಯನ್ನೇ ಲೆಕ್ಕಕ್ಕೆ ಹಿಡಿಯಬೇಡಿ, ಎಲ್ಲ ಬಾಸ್ಕೆಟ್‌ಗೂ ಎರಡೇ ಅಂಕ ಕೊಡಿ. ಹುಡುಗರು ಮೊಬೈಲಿನಲ್ಲಿ ದೂರದ ಎಸೆತಕ್ಕೆ ಹೆಸರಾದ ಸ್ಟೀಫನ್ ಕರ್ರಿಯನ್ನು ನೋಡಿ ಅರ್ಧ ಕೋರ್ಟ್ ದಾಟಿದ ತಕ್ಷಣ ಎಸೆಯುತ್ತಾರೆ, ಆಟ ಕೆಟ್ಟಿದೆ. ಕಿರಿಯರ ವಾದ: ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ನಿಯಮವನ್ನೇ ಪೂರ್ತಿ ಇಡಿ, 12 ನಿಮಿಷದ ಕ್ವಾರ್ಟರ್, ಆರು ಫೌಲಾದರೆ ಆಟಗಾರ ಹೊರಗೆ, ಎಲ್ಲ. ನನ್ನ ತಲೆನೋವು ಬೇರೆ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಬೇಕಲ್ಲ, ಅದನ್ನು ಎಣಿಸುವ ಗಡಿಯಾರದ ಯಂತ್ರವೇ ನಮ್ಮಲ್ಲಿ ಇಲ್ಲ. ಕೋರ್ಟಿನಲ್ಲಿ ಗೆರೆಗಳು ಎರಡಿವೆ: ಒಳಗಡೆ ಮಾಸಿದ ಹಳದಿಯ 6.25 ಮೀಟರಿನದು, ಹೊರಗಡೆ ಬಿಳಿಯ 6.75 ಮೀಟರಿನದು. ಎಡ ಮೂಲೆಯಲ್ಲಿ ಬಿಳಿ ಬಣ್ಣ ಎದ್ದುಹೋಗಿ ಹಳದಿಯೊಂದೇ ಕಾಣುತ್ತದೆ. ಕಳೆದ ಸಲ ಒಬ್ಬ ತೀರ್ಪುಗಾರರು ಆ ಮೂಲೆಯಿಂದ ಎಸೆದದ್ದಕ್ಕೆ ಮೂರು ಅಂಕ ಕೊಟ್ಟರು, ಇನ್ನೊಬ್ಬರು ಎರಡು ಎಂದರು.

ತಿಳಿದವರು ಹೇಳಿ. ನಿಯಮ ಬದಲಾದಾಗ ಆಟ ನಿಜವಾಗಿ ಹೇಗೆ ಬದಲಾಗುತ್ತದೆ? ಅದು ಗೊತ್ತಾದರೆ ನಮ್ಮದನ್ನು ನಾವು ತೀರ್ಮಾನಿಸಿಕೊಳ್ಳುತ್ತೇವೆ.

---

ಉಣಕಲ್ ಲೆಕ್ಕಿಗ (ಹುಬ್ಬಳ್ಳಿ)

ಮೂರು ಅಂಕ ಆಟ ಕೆಡಿಸಿತು ಎನ್ನುವವರು ಮೊದಲು ಇಸವಿ ನೋಡಲಿ. ಎನ್‌ಬಿಎಯಲ್ಲಿ ಆ ಗೆರೆ ಬಂದದ್ದು 1979-80ರ ಋತುವಿನಲ್ಲಿ. ಅದಕ್ಕೂ ಮೊದಲು 1961ರಲ್ಲಿ ಎಬಿಎಲ್, 1967ರಲ್ಲಿ ಎಬಿಎ ಎಂಬ ಎದುರಾಳಿ ಲೀಗ್‌ಗಳು ಪ್ರೇಕ್ಷಕರನ್ನು ಸೆಳೆಯಲು ಅದನ್ನು ಬಳಸಿದ್ದವು. ಎನ್‌ಬಿಎ ಅದನ್ನು ಹಾಕಿದ ಮೊದಲ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಮೂರು ಸಲವೂ ಅಲ್ಲಿಂದ ಎಸೆಯಲಿಲ್ಲ. ಈಗ 35ನ್ನು ದಾಟಿದೆ. ಗೆರೆ ಅದೇ, ನಡುವಿನ ಮೂರು ಋತು ಬಿಟ್ಟರೆ ದೂರವೂ ಅದೇ: ನೆತ್ತಿಯಲ್ಲಿ 7.24 ಮೀಟರ್, ಮೂಲೆಯಲ್ಲಿ 6.70. ನಿಯಮವೇ ಕೆಡಿಸಿದ್ದಾದರೆ ಮೂವತ್ತು ವರ್ಷ ಅದು ಏನು ಮಾಡುತ್ತಿತ್ತು?

ಕೆಲಸ ಮಾಡಿದ್ದು ಗುಣಾಕಾರ. ನೂರಕ್ಕೆ 36 ಬೀಳಿಸುವವನು ಗೆರೆಯಾಚೆಯಿಂದ ಎಸೆದರೆ ಒಂದು ಎಸೆತಕ್ಕೆ 1.08 ಅಂಕ. ಅದೇ ಮನುಷ್ಯ ಗೆರೆಯಿಂದ ಒಂದು ಹೆಜ್ಜೆ ಒಳಗೆ ಬಂದು ನೂರಕ್ಕೆ 42 ಬೀಳಿಸಿದರೂ ಸಿಗುವುದು 0.84. ಒಂದು ಹೆಜ್ಜೆ ಮುಂದಿಟ್ಟಿದ್ದಕ್ಕೆ ದಂಡ ಕಟ್ಟಿದ ಹಾಗೆ. ತರಬೇತುದಾರರು ಇದನ್ನು ಅರಿತ ಮೇಲೆ ನಡುದೂರದ ಎಸೆತ ಮಾಯವಾಯಿತು. 2015-16ರಲ್ಲಿ ಕರ್ರಿ ಒಬ್ಬನೇ 402 ಹೊಡೆದ. 2017-18ರಲ್ಲಿ ಹೂಸ್ಟನ್ ತಂಡ ಎರಡು ಅಂಕದ ಎಸೆತಗಳಿಗಿಂತ ಮೂರು ಅಂಕದ ಎಸೆತಗಳನ್ನೇ ಹೆಚ್ಚು ಎಸೆಯಿತು. ಯಾವ ತಂಡವೂ ಹಿಂದೆ ಹೀಗೆ ಮಾಡಿರಲಿಲ್ಲ.

---

ಬೆಟಗೇರಿ ಬ್ಲಾಕ್ (ಗದಗ)

ಅದೇ ಹೂಸ್ಟನ್ ಆ ವರ್ಷದ ಸೆಮಿಫೈನಲಿನ ಏಳನೆಯ ಪಂದ್ಯದಲ್ಲಿ ಸತತ 27 ಮೂರಂಕದ ಎಸೆತ ತಪ್ಪಿಸಿ ಮನೆಗೆ ಹೋಯಿತು. ಅದನ್ನೂ ಬರೆಯಿರಿ ಲೆಕ್ಕಿಗರೇ.

---

ಉಣಕಲ್ ಲೆಕ್ಕಿಗ

ಬರೆಯುತ್ತೇನೆ. ಆ ಏಳನೆಯ ಪಂದ್ಯದವರೆಗೆ ಹೋದದ್ದೂ ಆ ಎಸೆತಗಳಿಂದಲೇ ಎಂದು ಪಕ್ಕದಲ್ಲೇ ಬರೆಯುತ್ತೇನೆ.

---

ಹಳೆಯ ಸೀಟಿ (ಗದಗ)

ಲೆಕ್ಕಿಗರ ಲೆಕ್ಕ ಸರಿ, ಅರ್ಧ ಸರಿ. ಗುಣಾಕಾರ 1980ರಲ್ಲಿಯೂ ಗೊತ್ತಿತ್ತು. ಮೂರು ದೊಡ್ಡದೋ ಎರಡು ದೊಡ್ಡದೋ ಎಂದು ತಿಳಿಯಲು ಯಾರಿಗೂ ಮೂವತ್ತು ವರ್ಷ ಬೇಕಿರಲಿಲ್ಲ. ಬೇಕಿದ್ದದ್ದು ಜಾಗ. ಎಸೆಯುವವನಿಗೆ ಎದುರಿಗೆ ಕೈಯಿಲ್ಲದ ಅರ್ಧ ಸೆಕೆಂಡು ಬೇಕು. ಆ ಅರ್ಧ ಸೆಕೆಂಡು ಕೊಟ್ಟದ್ದು ಬೇರೆ ಎರಡು ನಿಯಮಗಳು. ಟಿವಿ ಮುಂದೆ ಕುಳಿತವರು ಅವನ್ನು ಗಮನಿಸುವುದಿಲ್ಲ. ಅವು ರಕ್ಷಣೆಗೆ ಸಂಬಂಧಪಟ್ಟವು.

ಒಂದು, 2001. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಜೋನ್ ರಕ್ಷಣೆ, ಅಂದರೆ ಆಟಗಾರನ ಬದಲು ಜಾಗವನ್ನು ಕಾಯುವುದು, ನಿಷಿದ್ಧವಾಗಿತ್ತು. ಪ್ರತಿಯೊಬ್ಬನೂ ತನ್ನ ಪಾಲಿನ ಆಟಗಾರನ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಅಕ್ರಮ ರಕ್ಷಣೆಯೆಂದು ಸೀಟಿ. ಇದರ ಲಾಭ ಹೊಡೆದವರು ದೊಡ್ಡ ಆಟಗಾರರನ್ನು ಇಟ್ಟುಕೊಂಡ ತಂಡಗಳು. ಮೂವರನ್ನು ಕೋರ್ಟಿನ ಆ ಕಡೆ ಸುಮ್ಮನೆ ನಿಲ್ಲಿಸುವುದು, ಈ ಕಡೆ ಒಬ್ಬನಿಗೆ ಚೆಂಡು ಕೊಟ್ಟು ಬೆನ್ನಿನಿಂದ ತಳ್ಳುತ್ತಾ ರಿಂಗಿನತ್ತ ಹೋಗಲು ಬಿಡುವುದು. ಉಳಿದ ಎಂಟು ಜನ ನೋಡುತ್ತಿರುವುದು. ಅಂಕಗಳು ಕುಸಿದವು. 1998-99ರಲ್ಲಿ ತಂಡದ ಸರಾಸರಿ ಪಂದ್ಯಕ್ಕೆ 91.6ಕ್ಕೆ ಇಳಿದಿತ್ತು. ಜೆರ್ರಿ ಕೊಲಾಂಜೆಲೊ ಮುಂದಾಳತ್ವದ ಸಮಿತಿ ಜೋನಿಗೆ ಅನುಮತಿ ಕೊಟ್ಟಿತು. ಜೊತೆಗೆ ರಕ್ಷಣೆಯವನು ಯಾರನ್ನೂ ಕಾಯದೆ ರಿಂಗಿನ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂದು ಸೇರಿಸಿತು. ಚೆಂಡನ್ನು ಅರ್ಧ ಕೋರ್ಟ್ ದಾಟಿಸಲು ಇದ್ದ 10 ಸೆಕೆಂಡನ್ನು 8ಕ್ಕೆ ಇಳಿಸಿತು.

ಜೋನ್ ಬಂದರೆ ಅಂಕ ಇನ್ನೂ ಇಳಿಯುತ್ತದೆಂದು ಆಗ ಅನೇಕರು ಎಣಿಸಿದ್ದರು. ಅದೂ ಆಯಿತು, ಸ್ವಲ್ಪ ಕಾಲ. 2004ರ ಫೈನಲ್ಸ್‌ನ ಮೂರನೆಯ ಪಂದ್ಯದಲ್ಲಿ ಡೆಟ್ರಾಯಿಟ್ ತಂಡ ಲೇಕರ್ಸ್‌ನಂತಹ ಲೇಕರ್ಸನ್ನು 68 ಅಂಕಕ್ಕೆ ಕಟ್ಟಿಹಾಕಿತು.

ಆಗ ಬಂದದ್ದು ಎರಡನೆಯದು, 2004-05ರಲ್ಲಿ: ಡ್ರಿಬಲ್ ಮಾಡುವವನ ಸೊಂಟದ ಮೇಲೆ ಕೈಯಿಟ್ಟು ಅವನ ದಾರಿ ತಿರುಗಿಸುವಂತಿಲ್ಲ. ಪುಸ್ತಕದಲ್ಲಿ ಈ ಮಾತು ಹಿಂದೆಯೂ ಇತ್ತು, 1994ರಲ್ಲಿ ಒಮ್ಮೆ ಬಿಗಿ ಮಾಡಿದ್ದರು. ಈ ಸಲ ಸೀಟಿ ಊದಿದರು. ತಂಡದ ಸರಾಸರಿ ಒಂದೇ ವರ್ಷದಲ್ಲಿ 93.4ರಿಂದ 97.2ಕ್ಕೆ ಏರಿತು. ಹಿಂದಿನ ಋತುವಿನಲ್ಲಿ 29 ಪಂದ್ಯ ಗೆದ್ದಿದ್ದ ಫೀನಿಕ್ಸ್ ಆ ಋತುವಿನಲ್ಲಿ 62 ಗೆದ್ದಿತು. ಅದರ ಗಾರ್ಡ್, ಅಂದರೆ ಚೆಂಡು ತಂದು ಆಟ ಕಟ್ಟುವವನು, ಸ್ಟೀವ್ ನ್ಯಾಶ್ ಎತ್ತರದವನೂ ಅಲ್ಲ, ದೇಹ ಕಟ್ಟಿದವನೂ ಅಲ್ಲ. ಸೊಂಟದ ಮೇಲಿನ ಕೈ ತೆಗೆದದ್ದೇ ಅವನಿಗೆ ಸಾಕಾಯಿತು. ಅವನು ಒಳನುಗ್ಗಿದರೆ ಇಬ್ಬರು ಅವನತ್ತ ಬರಲೇಬೇಕು. ಇಬ್ಬರು ಬಂದರೆ ಮೂಲೆಯಲ್ಲೊಬ್ಬ ಒಂಟಿ. ಒಂಟಿಯಾದವನ ಕೈಗೆ ಚೆಂಡು. ಲೆಕ್ಕಿಗರ ಗುಣಾಕಾರ ಶುರುವಾಗುವುದು ಇಲ್ಲಿಂದ.

ಸಾಧನಕೇರಿಯವರೇ, ನೀವು ಗೆರೆಯ ಬಗ್ಗೆ ಜಗಳವಾಡುತ್ತಿದ್ದೀರಿ. ಕೈಯ ಬಗ್ಗೆ ಜಗಳವಾಡಿ.

---

ವಿದ್ಯಾನಗರ ಗಾರ್ಡ್ (ಹುಬ್ಬಳ್ಳಿ)

ಗುರುಗಳೇ, ಈ ಮಾತನ್ನು ಚೌಕಟ್ಟು ಹಾಕಿಸಿ ಪ್ರತಿ ಕೋರ್ಟಿನಲ್ಲಿ ನೇತುಹಾಕಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಿದ್ದಾಗ ನಾನು ಐದಡಿ ಎರಡಿಂಚಿನ ಗಾರ್ಡ್. ವಲಯ ಮಟ್ಟದ ಪಂದ್ಯಗಳಲ್ಲಿ ಎದುರಿನವಳು ಜರ್ಸಿಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡೇ ನನ್ನ ಜೊತೆ ಓಡುತ್ತಿದ್ದಳು. ಎಡಗೈ ಸೊಂಟದ ಎಲುಬಿನ ಮೇಲೆ. ಬೇಸ್‌ಲೈನ್ ಕಡೆ ತಿರುಗಲು ಹೊರಟರೆ ಅದೇ ಕೈ ಸುಮ್ಮನೆ ಬಿಗಿಯಾಗುತ್ತಿತ್ತು. ತಳ್ಳಿದ್ದಲ್ಲ, ಹಿಡಿದದ್ದಲ್ಲ, ದಾರಿ ಮುಚ್ಚಿದ್ದು ಅಷ್ಟೆ. ತೀರ್ಪುಗಾರರಿಗೆ ಹೇಳಿದರೆ "ಆಟ ಆಡಮ್ಮಾ" ಎನ್ನುತ್ತಿದ್ದರು. ರಾತ್ರಿ ನೋಡಿಕೊಂಡರೆ ಬಲಗಡೆ ನಾಲ್ಕು ಬೆರಳಿನ ಗುರುತು.

ಈಗಿನ ಹುಡುಗಿಯರು ದೂರದಿಂದ ಎಸೆಯುತ್ತಾರೆ ಎಂದು ಹಿರಿಯರು ಬೇಸರಪಡುತ್ತಾರೆ. ಒಳಗೆ ಹೋದರೆ ಆ ಕೈಗಳಿವೆ, ಸೀಟಿ ಇಲ್ಲ. ಹೊರಗಿನಿಂದ ಎಸೆಯದೆ ಏನು ಮಾಡಬೇಕು? ಎನ್‌ಬಿಎಯಲ್ಲಿ ಕೈ ತೆಗೆದದ್ದರಿಂದ ಮೂರಂಕ ಹೆಚ್ಚಿತು, ನಮ್ಮಲ್ಲಿ ಕೈ ತೆಗೆಯದೇ ಇರುವುದರಿಂದ ಹೆಚ್ಚಿದೆ.

---

ಹಾವೇರಿ ರೈಡರ್

ನಾನು ಕಬಡ್ಡಿಯವನು. ಬ್ಯಾಸ್ಕೆಟ್‌ಬಾಲ್ ನನಗೆ ಟಿವಿಯಲ್ಲಿ ಮಾತ್ರ ಗೊತ್ತು, ಆದರೂ ಕೇಳುತ್ತೇನೆ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಮಾಡು-ಇಲ್ಲವೇ-ಮಡಿ ಎಂದು ಮಾಡಿದರು. ಅಂಕ ತರದಿದ್ದರೆ ರೈಡರ್ ಔಟ್. ಅದಕ್ಕೂ ಮೊದಲು ನಮ್ಮೂರ ಜಾತ್ರೆಯ ಪಂದ್ಯಗಳಲ್ಲಿ ಮುಂದಿರುವ ತಂಡದವರು ಬೋನಸ್ ಗೆರೆಯ ಹತ್ತಿರವೂ ಸುಳಿಯದೆ ಹೋಗಿ ಬರುತ್ತಿದ್ದರು, ಜನ ಶೇಂಗಾ ತಿನ್ನುತ್ತಾ ಕೂರುತ್ತಿದ್ದರು. ಈ 24 ಸೆಕೆಂಡು ಎನ್ನುವುದೂ ಅದೇ ತರಹದ್ದೇ?

---

ಹಳೆಯ ಸೀಟಿ

ಅದೇ ತರಹದ್ದೇ ತಮ್ಮಾ, ಅರವತ್ತು ವರ್ಷ ಮೊದಲಿನದು.

1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ಮತ್ತು ಮಿನಿಯಾಪೊಲಿಸ್ ಲೇಕರ್ಸ್ ಆಡಿದವು. ಲೇಕರ್ಸ್‌ನಲ್ಲಿ ಜಾರ್ಜ್ ಮೈಕನ್ ಇದ್ದ, ಆ ಕಾಲದ ದೈತ್ಯ. ಅವನ ಕೈಗೆ ಚೆಂಡು ಹೋಗದಿರಲೆಂದು ಪಿಸ್ಟನ್ಸ್‌ನವರು ಚೆಂಡು ಹಿಡಿದುಕೊಂಡು ನಿಂತರು. ಎಸೆಯಲೇಬೇಕೆಂಬ ನಿಯಮ ಎಲ್ಲಿತ್ತು? ಕೊನೆಗೆ ಫಲಿತಾಂಶ 19-18. ಎರಡೂ ತಂಡ ಸೇರಿ ನಲವತ್ತೂ ಇಲ್ಲ. ಲೇಕರ್ಸ್‌ನ 18ರಲ್ಲಿ 15 ಮೈಕನ್‌ದೇ.

ಮುಂದಿದ್ದವರು ಚೆಂಡು ಹಿಡಿದು ನಿಂತರೆ ಹಿಂದಿದ್ದವರಿಗೆ ಫೌಲ್ ಮಾಡುವುದೊಂದೇ ದಾರಿ. 1953ರಲ್ಲಿ ಬಾಸ್ಟನ್ ಮತ್ತು ಸಿರಾಕ್ಯೂಸ್ ನಡುವಿನ ಪಂದ್ಯ ನಾಲ್ಕು ಹೆಚ್ಚುವರಿ ಅವಧಿಗಳಿಗೆ ಹೋಗಿ ನೂರಕ್ಕೂ ಹೆಚ್ಚು ಫೌಲ್‌ಗಳಾದವು. ಬಾಬ್ ಕೂಸಿ 50 ಅಂಕ ಗಳಿಸಿದ, ಅದರಲ್ಲಿ 30 ಫೌಲಿಗೆ ಸಿಗುವ ಫ್ರೀ ಥ್ರೋಗಳಿಂದ. ಟಿಕೆಟ್ ಕೊಂಡ ಜನ ಗೆರೆಯ ಮೇಲೆ ನಿಂತು ಎಸೆಯುವವನನ್ನು ನೋಡಲು ಎಷ್ಟು ಸಲ ಬರುತ್ತಾರೆ?

ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಬೌಲಿಂಗ್ ಅಂಗಡಿ ನಡೆಸುತ್ತಿದ್ದವನು. ತನಗೆ ಖುಷಿ ಕೊಟ್ಟ ಪಂದ್ಯಗಳ ಅಂಕಪಟ್ಟಿ ತೆಗೆದು ನೋಡಿದ. ಅವುಗಳಲ್ಲಿ ಪ್ರತಿ ತಂಡ ಸುಮಾರು 60 ಸಲ ಎಸೆದಿತ್ತು, ಎರಡೂ ಸೇರಿ 120. ಪಂದ್ಯ 48 ನಿಮಿಷ, ಅಂದರೆ 2880 ಸೆಕೆಂಡು. ಭಾಗಿಸಿದರೆ 24. ಎಷ್ಟು ಹೊತ್ತಿನಲ್ಲಿ ಆಟಗಾರ ಸುಸ್ತಾಗುತ್ತಾನೆ ಎಂಬ ವಿಜ್ಞಾನ ಅಲ್ಲಿಲ್ಲ. ನೋಡುವವನಿಗೆ ಯಾವುದು ಹಿಡಿಸಿತು ಎಂಬ ಲೆಕ್ಕ ಮಾತ್ರ. 1954-55ರಲ್ಲಿ ಜಾರಿಗೆ ತಂದರು. ತಂಡದ ಫೌಲ್‌ಗಳಿಗೆ ಮಿತಿಯನ್ನೂ ಆಗಲೇ ಹಾಕಿದರು. ಗಡಿಯಾರವೊಂದನ್ನೇ ತಂದಿದ್ದರೆ 24 ಸೆಕೆಂಡಿಗೊಮ್ಮೆ ಹಿಡಿದು ಹೊಡೆಯುವ ಆಟ ಆಗುತ್ತಿತ್ತು. ಸರಾಸರಿ 79.5ರಿಂದ 93.1ಕ್ಕೆ ಏರಿತು. ಆ ವರ್ಷ ಚಾಂಪಿಯನ್ ಆದದ್ದು ಸಿರಾಕ್ಯೂಸೇ.

ಅಂತರರಾಷ್ಟ್ರೀಯ ನಿಯಮದಲ್ಲಿ, ಅಂದರೆ ಫಿಬಾದಲ್ಲಿ, 1956ರಿಂದ 30 ಸೆಕೆಂಡು ಇತ್ತು. 2000ರಲ್ಲಿ 24 ಆಯಿತು, ಎರಡು ಅರ್ಧಗಳ ಬದಲು 10 ನಿಮಿಷದ ನಾಲ್ಕು ಕ್ವಾರ್ಟರ್ ಬಂದವು. ನಾನು 30ರಲ್ಲಿ ಸೀಟಿ ಹಿಡಿದವನು. ಆ ಆರು ಸೆಕೆಂಡು ಹೋದಾಗ ನಮ್ಮ ತಂಡಗಳು ಮೊದಲ ವರ್ಷ ತಬ್ಬಿಬ್ಬಾದವು. ಐದು ಪಾಸ್ ಮಾಡಿ ಆರನೆಯದಕ್ಕೆ ಎಸೆಯಬೇಕೆಂದು ಕಲಿಸಿದ್ದ ತರಬೇತುದಾರರ ಗಂಟಲು ಒಣಗಿತು.

---

ಬೆಟಗೇರಿ ಬ್ಲಾಕ್

ಇನ್ನು ನನ್ನ ಅಹವಾಲು ಕೇಳಿ. ನಾನು ಆರಡಿ ನಾಲ್ಕಿಂಚು. ಬಸ್ಸಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತೇನೆ, ಮಂಚದ ಆಚೆ ಕಾಲು ಚಾಚುತ್ತೇನೆ. ಎತ್ತರದಿಂದ ಲಾಭವಾಗುವ ಒಂದೇ ಜಾಗ ಬ್ಯಾಸ್ಕೆಟ್‌ಬಾಲ್ ಕೋರ್ಟ್. ಅಲ್ಲಿಯೂ ಇತಿಹಾಸದುದ್ದಕ್ಕೂ ನಮ್ಮ ವಿರುದ್ಧವೇ ನಿಯಮ ಬರೆದಿದ್ದಾರೆ.

ಮೈಕನ್ ಮತ್ತು ಬಾಬ್ ಕರ್ಲ್ಯಾಂಡ್ ಕಾಲೇಜಿನಲ್ಲಿ ರಿಂಗಿಗೆ ಬೀಳುತ್ತಿದ್ದ ಚೆಂಡನ್ನು ತಟ್ಟಿ ಹಾಕುತ್ತಿದ್ದರು. 1944ರಲ್ಲಿ ಇಳಿಯುವ ಚೆಂಡನ್ನು ಮುಟ್ಟಬಾರದೆಂದರು. ಮೈಕನ್ ರಿಂಗಿನ ಪಕ್ಕ ನಿಂತು ಅಂಕ ಗಳಿಸುತ್ತಾನೆಂದು 1951ರಲ್ಲಿ ಎನ್‌ಬಿಎ ರಿಂಗಿನ ಮುಂದಿನ ಚೌಕವನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿತು. ಆಮೇಲೆ ವಿಲ್ಟ್ ಚೇಂಬರ್ಲೇನ್ ಬಂದ. 1964ರಲ್ಲಿ 16 ಅಡಿ ಮಾಡಿದರು. ಲ್ಯೂ ಆಲ್ಸಿಂಡರ್, ಮುಂದೆ ಕರೀಮ್ ಅಬ್ದುಲ್-ಜಬ್ಬಾರ್ ಆದವನು, ಕಾಲೇಜಿನಲ್ಲಿ ಒಂದು ವರ್ಷ ಆಡಿದ್ದೇ ತಡ, 1967ರಲ್ಲಿ ಡಂಕ್ ಮಾಡುವುದನ್ನೇ, ಅಂದರೆ ಎಗರಿ ಚೆಂಡನ್ನು ಮೇಲಿನಿಂದ ರಿಂಗಿನೊಳಗೆ ತುರುಕುವುದನ್ನೇ, ನಿಷೇಧಿಸಿದರು. 1976ರವರೆಗೆ ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ ಇರಲಿಲ್ಲ! ಆಮೇಲೆ ಗುರುಗಳು ಹೇಳಿದ ಮೂರು ಸೆಕೆಂಡು. ಕುಳ್ಳರ ವಿರುದ್ಧ ಒಂದಾದರೂ ನಿಯಮ ಬಂದಿದೆಯೇ ತೋರಿಸಿ.

---

ಉಣಕಲ್ ಲೆಕ್ಕಿಗ

ರಿಂಗ್ ಹತ್ತಡಿ ಎತ್ತರದಲ್ಲಿದೆ. ಅದೇ ಕುಳ್ಳರ ವಿರುದ್ಧದ ಮೊದಲ ನಿಯಮ. ನೈಸ್ಮಿತ್ 1891ರಲ್ಲೇ ಹಾಕಿಬಿಟ್ಟ.

---

ವಿದ್ಯಾನಗರ ಗಾರ್ಡ್

ಬೆಟಗೇರಿ ಅಣ್ಣಾ, ಆಲ್ಸಿಂಡರ್‌ನ ಕಥೆಯನ್ನು ಪೂರ್ತಿ ಹೇಳಿ. ಡಂಕ್ ಕಿತ್ತುಕೊಂಡ ಮೇಲೆ ಅವನು ಸ್ಕೈ ಹುಕ್ ಎಂಬ ಒಂಟಿಗೈ ಎಸೆತವನ್ನು ತಿದ್ದಿ ತೀಡಿ ಯಾರೂ ತಡೆಯಲಾಗದಂತೆ ಮಾಡಿಕೊಂಡ. ಅದರಿಂದಲೇ ಎನ್‌ಬಿಎಯಲ್ಲಿ 38,387 ಅಂಕಗಳವರೆಗೆ ಹೋದ. 2023ರಲ್ಲಿ ಲೆಬ್ರಾನ್ ಜೇಮ್ಸ್ ಮೀರುವವರೆಗೆ ದಾಖಲೆ ಅವನದೇ. ಚೌಕ ಅಗಲಿಸಿದ್ದಕ್ಕೆ ಚೇಂಬರ್ಲೇನ್ ಏನೂ ಬಡವಾಗಲಿಲ್ಲ. ಎತ್ತರದವರ ವಿರುದ್ಧ ಬರೆದ ನಿಯಮ ಪಳಗದ ಎತ್ತರದವರನ್ನು ಮಾತ್ರ ಹೊರಗಿಟ್ಟಿತು.

ಕುಳ್ಳರ ವಿರುದ್ಧವೂ ಇದೆ, ಹೇಳುತ್ತೇನೆ. 2021-22ರಲ್ಲಿ ಎನ್‌ಬಿಎ ತಂದದ್ದು. ಜೇಮ್ಸ್ ಹಾರ್ಡನ್, ಟ್ರೇ ಯಂಗ್ ಮುಂತಾದ ಗಾರ್ಡ್‌ಗಳು ಓಡುತ್ತಾ ಓಡುತ್ತಾ ಗಕ್ಕನೆ ನಿಂತು ಹಿಂದಿನವನು ಬಂದು ಬಡಿಯುವಂತೆ ಮಾಡುತ್ತಿದ್ದರು. ಇಲ್ಲವೇ ಎಸೆಯುವಾಗ ಕಾಲನ್ನು ಪಕ್ಕಕ್ಕೆ ಚಾಚಿ, ಎದುರಿನವನ ಕೈಗೆ ತಮ್ಮ ಕೈ ಸಿಕ್ಕಿಸಿ ಫೌಲ್ ಗಿಟ್ಟಿಸುತ್ತಿದ್ದರು. ಆಟಕ್ಕೆ ಸಹಜವಲ್ಲದ ಇಂತಹ ಚಲನೆಗೆ ಇನ್ನು ಫೌಲ್ ಇಲ್ಲ ಎಂದರು, ಅತಿಯಾದರೆ ಎಸೆದವನ ಮೇಲೆಯೇ ಫೌಲ್. ಆ ಋತುವಿನ ಮೊದಲ ವಾರಗಳಲ್ಲಿ ಹಾರ್ಡನ್ ತೀರ್ಪುಗಾರರ ಮುಖ ನೋಡುತ್ತಾ ನಿಲ್ಲುತ್ತಿದ್ದ ಚಂದ ನೋಡಬೇಕಿತ್ತು. 2023-24ರಿಂದ ನಾಟಕವಾಡಿ ಬಿದ್ದರೆ ಪಂದ್ಯದ ನಡುವೆಯೇ ದಂಡ, ಎದುರು ತಂಡಕ್ಕೆ ಒಂದು ಫ್ರೀ ಥ್ರೋ.

---

ಹಾವೇರಿ ರೈಡರ್

ಅಕ್ಕಾ, ನಾಟಕವಾಡಿ ಬೀಳುವುದಕ್ಕೆ ದಂಡ ಎಂಬ ನಿಯಮ ನಮ್ಮ ಕಬಡ್ಡಿಗೂ ಬರಬೇಕು.

---

ಸಾಧನಕೇರಿ ಸಂಜೆ

ಇತಿಹಾಸ ಚೆನ್ನಾಗಿದೆ. ಗಡಿಯಾರವಿಲ್ಲದೆ ನಾನು ಏನು ಮಾಡಲಿ? 24 ಸೆಕೆಂಡನ್ನು ಕೈಬಿಟ್ಟುಬಿಡೋಣ ಎಂದು ನಮ್ಮವರಲ್ಲಿ ಅರ್ಧ ಜನ ಹೇಳುತ್ತಿದ್ದಾರೆ.

---

ಹಳೆಯ ಸೀಟಿ

ಕೈಬಿಡಬೇಡಿ. ಮೂರಂಕ ಬೇಕಾದರೆ ಬಿಡಿ, ಗಡಿಯಾರ ಬಿಡಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಅಂತರ ಕಾಲೇಜು ಫೈನಲಿಗೆ ನಾನು ತೀರ್ಪುಗಾರನಾಗಿದ್ದೆ. ಯಾವ ಕಾಲೇಜುಗಳೆಂದು ಬೇಡ. ಯಂತ್ರ ಇಲ್ಲವೆಂದು ಸಂಘಟಕರು ಗಡಿಯಾರ ತೆಗೆದಿದ್ದರು. ಕೊನೆಯ ಕ್ವಾರ್ಟರಿನಲ್ಲಿ ನಾಲ್ಕು ಅಂಕ ಮುಂದಿದ್ದ ತಂಡದ ಗಾರ್ಡ್ ನಡುಗೆರೆಯ ಹತ್ತಿರ ಚೆಂಡು ಬಡಿಯುತ್ತಾ ನಿಂತ. ಹತ್ತಿರ ಬಂದರೆ ಪಕ್ಕದವನಿಗೆ ಕೊಡುತ್ತಾನೆ, ಅವನು ಮತ್ತೆ ಇವನಿಗೆ. ಮೇ ತಿಂಗಳ ಮಧ್ಯಾಹ್ನ, ಸಿಮೆಂಟಿನ ಕೋರ್ಟು, ಬೂಟಿನ ಅಡಿ ಅಂಟುತ್ತಿತ್ತು. ಹಿಂದಿದ್ದವರು ಮೊದಲು ಓಡಿದರು, ಆಮೇಲೆ ಬೈದರು, ಆಮೇಲೆ ಹೊಡೆದರು. ಇಬ್ಬರನ್ನು ಹೊರಗೆ ಕಳಿಸಬೇಕಾಯಿತು. ಚೆಂಡು ಹಿಡಿದು ನಿಂತ ಹುಡುಗ ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೆಯೇ ನಿಲ್ಲುತ್ತಿದ್ದೆ.

ಯಂತ್ರವಿಲ್ಲದಿದ್ದರೆ ಮನುಷ್ಯನನ್ನು ಕೂರಿಸಿ. ಅಂಕ ಬರೆಯುವ ಮೇಜಿನ ಬಳಿ ಒಬ್ಬ, ಕೈಯಲ್ಲೊಂದು ಸ್ಟಾಪ್‌ವಾಚ್. ಹತ್ತು ಸೆಕೆಂಡು ಉಳಿದಾಗ ಎದ್ದು ನಿಂತು ಕೆಂಪು ಬಾವುಟ ಎತ್ತಬೇಕು, ಕೊನೆಯ ಐದನ್ನು ಗಟ್ಟಿಯಾಗಿ ಎಣಿಸಬೇಕು, ಸೊನ್ನೆಗೆ ಸೀಟಿ. ಆ ಸೀಟಿಯ ದನಿ ತೀರ್ಪುಗಾರರ ಸೀಟಿಗಿಂತ ಬೇರೆಯಾಗಿರಲಿ, ಇಲ್ಲದಿದ್ದರೆ ಗೊಂದಲ. ಚೆಂಡು ರಿಂಗಿಗೆ ತಾಗಿ ಎಸೆದ ತಂಡಕ್ಕೇ ಮತ್ತೆ ಸಿಕ್ಕರೆ 24 ಅಲ್ಲ, 14 ಮಾತ್ರ ಕೊಡಿ. ಫಿಬಾ 2014ರಲ್ಲಿ ತಂದದ್ದು, ಎನ್‌ಬಿಎ 2018ರಲ್ಲಿ ಅದನ್ನು ತೆಗೆದುಕೊಂಡಿತು. ನಿಯಮಗಳೆಲ್ಲ ಅಮೆರಿಕದಿಂದ ಹರಿದು ಬರುತ್ತವೆ ಎಂದುಕೊಳ್ಳುವವರಿಗೆ ಇದೊಂದು ಉತ್ತರ. 2022ರಲ್ಲಿ ವೇಗದ ದಾಳಿಯನ್ನು ಬೇಕೆಂದೇ ಹಿಡಿದು ನಿಲ್ಲಿಸಿದರೆ ಒಂದು ಫ್ರೀ ಥ್ರೋ ಜೊತೆಗೆ ಚೆಂಡೂ ಎಂದು ಎನ್‌ಬಿಎ ಮಾಡಿತಲ್ಲ, ಅಂತಹ ಫೌಲಿಗೆ ಫಿಬಾದಲ್ಲಿ ಅದಕ್ಕೂ ಕಠಿಣ ಶಿಕ್ಷೆ ಮೊದಲೇ ಇತ್ತು.

---

ಉಣಕಲ್ ಲೆಕ್ಕಿಗ

14ರ ನಿಯಮಕ್ಕೆ ನನ್ನ ಮತವೂ ಇದೆ. ಕೊನೆಯ ನಿಮಿಷದಲ್ಲಿ ಎರಡಂಕ ಹಿಂದಿರುವ ತಂಡ ಸುಮ್ಮನೆ ರಕ್ಷಣೆ ಮಾಡಿ ಚೆಂಡು ವಾಪಸು ಪಡೆಯುವ ಆಸೆ ಇಟ್ಟುಕೊಳ್ಳಬಹುದು. 24 ಕೊಟ್ಟರೆ ರಿಬೌಂಡ್, ಅಂದರೆ ತಾಗಿ ಮರಳಿದ ಚೆಂಡು, ಸಿಕ್ಕ ತಂಡ ಪಂದ್ಯವನ್ನೇ ಮುಗಿಸಿಬಿಡುತ್ತದೆ, ಹಿಂದಿದ್ದವರು ಓಡಿಬಂದು ಫೌಲ್ ಮಾಡುತ್ತಾರೆ.

ಗೆರೆಯ ವಿಚಾರಕ್ಕೆ ಬರೋಣ. ನಿಮ್ಮ ಟೂರ್ನಿಯ ಹುಡುಗರು ಗೆರೆಯಾಚೆಯಿಂದ ನೂರಕ್ಕೆ 25 ಬೀಳಿಸುತ್ತಾರೆ ಎಂದುಕೊಳ್ಳಿ. ಎಸೆತಕ್ಕೆ 0.75 ಅಂಕ. ರಿಂಗಿನ ಹತ್ತಿರ ಹೋಗಿ ಹಾಕುವ ಲೇ-ಅಪ್ ನೂರಕ್ಕೆ 50 ಎಂದರೂ 1.0. ಅಂದರೆ ಕರ್ರಿಯ ಲೆಕ್ಕ ಅವರಿಗೆ ಅನ್ವಯಿಸುವುದೇ ಇಲ್ಲ. ಹಿರಿಯರು ಗೆರೆ ಅಳಿಸುವ ಬದಲು ಪ್ರತಿ ತಂಡದ ಎಸೆತಗಳನ್ನು ಬರೆದಿಟ್ಟು ಸಂಜೆ ಗೋಡೆಗೆ ಅಂಟಿಸಲಿ. ಮರುದಿನ ಅರ್ಧದಷ್ಟು ದೂರದ ಎಸೆತಗಳು ತಾವಾಗಿಯೇ ನಿಲ್ಲುತ್ತವೆ.

---

ವಿದ್ಯಾನಗರ ಗಾರ್ಡ್

ನಿಲ್ಲುವುದಿಲ್ಲ. ಗೋಡೆಯ ಮೇಲಿನ ಲೆಕ್ಕ ನೋಡಿ ಎಸೆಯುವುದನ್ನು ಬಿಟ್ಟ ಹತ್ತೊಂಬತ್ತರ ಹುಡುಗನನ್ನು ನಾನು ಕಂಡಿಲ್ಲ.

ಆದರೆ ಗೆರೆ ಇರಲೇಬೇಕು ಎಂಬುದಕ್ಕೆ ನನ್ನ ಕಾರಣ ಬೇರೆ. ಗೆರೆ ತೆಗೆದರೆ ಐದೂ ಜನ ರಕ್ಷಕರು ರಿಂಗಿನ ಕೆಳಗೆ ಗುಂಪುಗೂಡುತ್ತಾರೆ. ಫಿಬಾದಲ್ಲಿ ಎನ್‌ಬಿಎಯ ಹಾಗೆ ರಕ್ಷಕನಿಗೆ ಮೂರು ಸೆಕೆಂಡಿನ ಮಿತಿಯಿಲ್ಲ, ಬೇಕಾದಷ್ಟು ಹೊತ್ತು ನಿಲ್ಲಬಹುದು. ಅವರನ್ನು ಹೊರಗೆಳೆಯುವ ಭಯ ಮೂರಂಕ ಒಂದೇ. ಅದಿಲ್ಲದಿದ್ದರೆ ನನ್ನಂಥ ಗಾರ್ಡ್ ಒಳಗೆ ಹೋಗಿ ಎಲ್ಲಿಗೆ ಬರಬೇಕು? ಹಿರಿಯರಿಗೆ ಬೇಕಾದ ಚಂದದ ಒಳನುಗ್ಗುವ ಆಟ ಉಳಿಯುವುದು ಅವರಿಗೆ ಬೇಡವಾದ ಗೆರೆಯಿಂದ.

ದೂರ ಎಷ್ಟಿರಬೇಕು ಎಂದು ಬೇಕಾದರೆ ವಾದಿಸೋಣ. ಅಂಕ ಕುಸಿದಾಗ ಎನ್‌ಬಿಎ 1994ರಲ್ಲಿ ಗೆರೆಯನ್ನು ಸುತ್ತಲೂ 22 ಅಡಿಗೆ ತಂದು ನೋಡಿತು. ಎಸೆತ ಹೆಚ್ಚಿತು, ಅಂಕ ಹೆಚ್ಚಲಿಲ್ಲ. ಮೂರು ಋತು ಕಳೆದ ಮೇಲೆ ಮೊದಲಿನ ಜಾಗಕ್ಕೇ ಒಯ್ದರು. ಫಿಬಾ 1984ರಿಂದ 6.25 ಇಟ್ಟುಕೊಂಡಿತ್ತು, 2010ರಲ್ಲಿ 6.75 ಮಾಡಿತು. ರಿಂಗಿನ ಮುಂದಿದ್ದ ಕೆಳಗೆ ಅಗಲವಾಗುವ ಆಕಾರವನ್ನೂ ಆಗಲೇ ನೇರ ಚೌಕ ಮಾಡಿದರು. ನಿಮ್ಮ ಕೋರ್ಟಿನ ಹಳದಿ ಗೆರೆ ಆ ಕಾಲದ್ದು.

---

ಬೆಟಗೇರಿ ಬ್ಲಾಕ್

ಒಂದು ಸಲಹೆ: ಬಿಳಿ ಗೆರೆಯೇ ಇರಲಿ, ಎಡ ಮೂಲೆಗೆ ಬಣ್ಣ ಹಚ್ಚಿಸಿ. ಬಣ್ಣ ಹಚ್ಚುವವನ ಪಕ್ಕ ಟೇಪ್ ಹಿಡಿದು ಒಬ್ಬರು ನಿಲ್ಲಿ. ಮೂಲೆಯಲ್ಲಿ ಸೈಡ್‌ಲೈನಿಗೂ ಗೆರೆಗೂ ನಡುವೆ 90 ಸೆಂಟಿಮೀಟರ್ ಇರಬೇಕು. ನಮ್ಮ ಗದಗಿನ ಒಂದು ಕೋರ್ಟಿನಲ್ಲಿ ಕಣ್ಣಳತೆಯಲ್ಲಿ ಬಳಿದು ಅಲ್ಲಿ ಅರವತ್ತೂ ಉಳಿದಿರಲಿಲ್ಲ. ನನ್ನ ಬೂಟು ಹನ್ನೆರಡರದ್ದು. ಮೂಲೆಯಲ್ಲಿ ನಿಂತರೆ ಹಿಮ್ಮಡಿ ಹೊರಗೆ, ಇಲ್ಲವೇ ಬೆರಳು ಗೆರೆಯ ಮೇಲೆ.

---

ಹಾವೇರಿ ರೈಡರ್

ಕೇಳಿದ್ದಕ್ಕೆ ಬೇಸರಪಡಬೇಡಿ, 3×3 ಎಂದು ಇನ್ನೊಂದು ಆಟ ಒಲಿಂಪಿಕ್ಸಿನಲ್ಲಿ ನೋಡಿದೆ. ಅರ್ಧ ಕೋರ್ಟು, ಮೂವರು, ಹತ್ತು ನಿಮಿಷ. ಎರಡು ದಿನದಲ್ಲಿ ಹನ್ನೆರಡು ತಂಡಗಳಿಗೆ ಅದೇ ಸುಲಭವಲ್ಲವೇ?

---

ಉಣಕಲ್ ಲೆಕ್ಕಿಗ

ಸುಲಭ, ಆದರೆ ಅದರ ಲೆಕ್ಕ ಇನ್ನೂ ವಿಪರೀತ. ಅಲ್ಲಿ ಗೆರೆಯ ಒಳಗೆ ಒಂದು ಅಂಕ, ಹೊರಗೆ ಎರಡು. ಅಂದರೆ ಹೊರಗಿನದು ಒಳಗಿನದರ ಎರಡು ಪಟ್ಟು. ಐವರ ಆಟದಲ್ಲಿ ಅದು ಒಂದೂವರೆ ಪಟ್ಟು ಮಾತ್ರ. ಎಸೆಯಲು 12 ಸೆಕೆಂಡು, 21 ಅಂಕ ಮುಟ್ಟಿದವರು ಅಲ್ಲಿಗೇ ಗೆದ್ದರು. ಮೂರಂಕವೇ ಬೇಡ ಎನ್ನುವ ಹಿರಿಯರಿಗೆ 3×3 ತೋರಿಸಿದರೆ ಚಂದಾ ವಾಪಸು ಕೇಳುತ್ತಾರೆ.

---

ಹಳೆಯ ಸೀಟಿ

3×3 ಬೇಡ, ಆದರೆ ಅದರಿಂದ ಒಂದನ್ನು ಕದಿಯಿರಿ. ಸಮಬಲವಾದರೆ ಅಲ್ಲಿ ಹೆಚ್ಚುವರಿ ಆಟದಲ್ಲಿ ಮೊದಲು ಎರಡು ಅಂಕ ಗಳಿಸಿದವರು ಗೆದ್ದಂತೆ. ಎನ್‌ಬಿಎ ಕೂಡ 2020ರ ಆಲ್ ಸ್ಟಾರ್ ಪಂದ್ಯದಲ್ಲಿ ಕೊನೆಯ ಕ್ವಾರ್ಟರಿಗೆ ಗಡಿಯಾರ ತೆಗೆದು, ಮುಂದಿರುವ ತಂಡದ ಅಂಕಕ್ಕೆ 24 ಸೇರಿಸಿ ಗುರಿ ಇಟ್ಟಿತ್ತು. ಆ 24 ತೀರಿಕೊಂಡ ಆಟಗಾರ ಕೋಬಿ ಬ್ರಯಂಟ್‌ನ ಜರ್ಸಿ ಸಂಖ್ಯೆ, ಅವನ ನೆನಪಿಗೆ. ನಿಕ್ ಎಲಮ್ ಎಂಬ ಪ್ರಾಧ್ಯಾಪಕರ ಯೋಜನೆ ಅದು. ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುವ ಚಾಳಿಗೆ ಅವರು ಕಂಡುಕೊಂಡ ಮದ್ದು. ಎರಡು ದಿನದ ಟೂರ್ನಿಯಲ್ಲಿ ಒಂದು ಪಂದ್ಯ ಮೂರು ಹೆಚ್ಚುವರಿ ಅವಧಿ ಎಳೆದರೆ ಕೊನೆಯ ಪಂದ್ಯಕ್ಕೆ ಬೆಳಕಿರುವುದಿಲ್ಲ. ಮೊದಲು ಐದು ಅಂಕ ಎಂದಿಡಿ. ಒಂದು ಮೂರು, ಒಂದು ಎರಡು.

12 ನಿಮಿಷದ ಕ್ವಾರ್ಟರ್ ಮತ್ತು ಆರು ಫೌಲ್ ಕೇಳುವ ಹುಡುಗರಿಗೆ ಹೇಳಿ: ಎನ್‌ಬಿಎ ತಂಡದ ಬೆಂಚಿನಲ್ಲಿ ಪಳಗಿದವರ ಸಾಲೇ ಕೂತಿರುತ್ತದೆ, ನಿಮ್ಮದರಲ್ಲಿ ಇಬ್ಬರು, ಅವರಲ್ಲೊಬ್ಬ ನೀರು ತರಲು ಹೋಗಿರುತ್ತಾನೆ. ಹತ್ತು ನಿಮಿಷ, ಐದು ಫೌಲ್.

---

ಸಾಧನಕೇರಿ ಸಂಜೆ

ಇವತ್ತು ಸಂಜೆ ಮತ್ತೆ ಕೂತೆವು. ಈ ಮಾತುಗಳನ್ನೆಲ್ಲ ಓದಿ ಹೇಳಿದೆ. ತೀರ್ಮಾನ ಇಷ್ಟು. ಫಿಬಾ ನಿಯಮ, 10 ನಿಮಿಷದ ನಾಲ್ಕು ಕ್ವಾರ್ಟರ್, ಐದು ಫೌಲ್. ಮೂರಂಕ ಉಳಿಯುತ್ತದೆ, ಬಿಳಿ ಗೆರೆ ಮಾತ್ರ, ಹಳದಿಯನ್ನು ಪೂರ್ತಿ ಮುಚ್ಚಿಸುತ್ತೇವೆ. 24 ಸೆಕೆಂಡಿಗೆ ಸ್ಟಾಪ್‌ವಾಚ್ ಮತ್ತು ಬಾವುಟ, ರಿಬೌಂಡಿಗೆ 14. ಸಮಬಲವಾದರೆ ಮೊದಲು ಐದು ಅಂಕ. ಸೊಂಟದ ಮೇಲಿನ ಕೈಗೆ ಮೊದಲ ನಿಮಿಷದಿಂದಲೇ ಸೀಟಿ ಎಂದು ತಂಡಗಳಿಗೆ ಕಳಿಸುವ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ. ಇದಕ್ಕೆ ಹಿರಿಯರು ಕೂಡಲೇ ಒಪ್ಪಿದರು, ಮೂರಂಕಕ್ಕೆ ಗೊಣಗುತ್ತಾ ಒಪ್ಪಿದರು.

---

ವಿದ್ಯಾನಗರ ಗಾರ್ಡ್

ಪತ್ರದಲ್ಲಿ ಹಾಕಿದರೆ ಸಾಲದು. ಹುಡುಗಿಯರ ಪಂದ್ಯಗಳಿಗೂ ಅದೇ ತೀರ್ಪುಗಾರರನ್ನು ಹಾಕಿ, ಕಲಿಯುವವರನ್ನು ನಮ್ಮ ಕಡೆ ಕಳಿಸಬೇಡಿ. ಮತ್ತು ನಮಗೆ ಆರನೆಯ ಅಳತೆಯ ಚಿಕ್ಕ ಚೆಂಡು ಬೇಕು. ಏಳರದ್ದನ್ನೇ ಕೊಟ್ಟು ನಡೆಸಿದ ಟೂರ್ನಿಗಳನ್ನು ನೋಡಿದ್ದೇನೆ.

---

ಸಾಧನಕೇರಿ ಸಂಜೆ

ಎರಡೂ ಆಗುತ್ತದೆ ಅಕ್ಕಾ. ಚೆಂಡಿಗೆ ನಾಳೆಯೇ ಹೇಳುತ್ತೇನೆ. ಗುರುಗಳೇ, ತೀರ್ಪುಗಾರರಿಗೆ ಒಂದು ದಿನ ಮೊದಲು ನೀವೇ ಬಂದು ಹೇಳಿಕೊಡಬೇಕು.

---

ಹಳೆಯ ಸೀಟಿ

ಬರುತ್ತೇನೆ. ಸ್ಟಾಪ್‌ವಾಚ್ ಹಿಡಿಯುವವರನ್ನೂ ಕರೆಸಿ, ಅವರಿಗೇ ಹೆಚ್ಚು ಕೆಲಸ. ಒಬ್ಬನಿಂದ ಇಡೀ ದಿನ ಆಗುವುದಿಲ್ಲ, ಕಣ್ಣು ಸೋಲುತ್ತದೆ. ಪ್ರತಿ ಪಂದ್ಯಕ್ಕೆ ಬದಲಿಸಿ, ಆಡುವ ತಂಡದ ಗೆಳೆಯನನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ.

---

ಬೆಟಗೇರಿ ಬ್ಲಾಕ್

ಫಿಬಾ ನಿಯಮ ಎಂದಿರಲ್ಲ, ಹಾಗಾದರೆ ಎಸೆದ ಚೆಂಡು ರಿಂಗಿಗೆ ತಾಗಿದ ಮೇಲೆ ಅದರ ಮೇಲೆಯೇ ಕುಣಿಯುತ್ತಿದ್ದರೂ ನಾನು ತಟ್ಟಿ ಹಾಕಬಹುದು. ಎನ್‌ಬಿಎಯಲ್ಲಿ ಅದಕ್ಕೆ ಅವಕಾಶವಿಲ್ಲ. ಎತ್ತರದವರ ಪರವಾಗಿ ಕೊನೆಗೂ ಒಂದು ಸಿಕ್ಕಿತು.

---

ಹಳೆಯ ಸೀಟಿ

ತಟ್ಟಬಹುದು. ಬುಟ್ಟಿಯ ಕೆಳಗಿನಿಂದ ಕೈ ತೂರಿಸಿದರೆ ಅಥವಾ ರಿಂಗನ್ನು ಹಿಡಿದು ಅಲುಗಾಡಿಸಿದರೆ ಸೀಟಿ ಊದುತ್ತೇನೆ, ಗದಗಿನವನೆಂದು ಬಿಡುವುದಿಲ್ಲ.